ಗಂಗಮ್ಮನಿಗೆ ಇಳಿಸಿದ ದೀಪ

ಬಾವಿಯ ಚಪ್ಪಡಿ ಎಬ್ಬಿಸಿದ ಬೆಳಿಗ್ಗೆ ಅಲ್ಲಿ ಐದು ಜನ ಇದ್ದೆವು. ನನ್ನ ದೊಡ್ಡಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬನಿಯನ್ನಿನ ಮೇಲೆ ಟವೆಲು ಹೊದ್ದು, ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. ಇಲವಾಲದ ಕಡೆಯಿಂದ ಬಂದಿದ್ದ ಗಾರೆ ಕೆಲಸದವರೊಬ್ಬರು ಮತ್ತು ಅವರ ಹೆಂಡತಿ ಹಾರೆ ಹಾಕಿ ಕಲ್ಲು ಮೀಟುತ್ತಿದ್ದರು. ಐದನೆಯವನು ನಾನು. ಬೀದಿಬದಿಯ ನನ್ನ ಜೆರಾಕ್ಸ್ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದಿದ್ದೆ.

ಚಾಮರಾಜಪುರಂನ ನಮ್ಮ ವಠಾರಕ್ಕೆ ಐದು ಮನೆ, ಒಂದು ಬಾವಿ. ನಲ್ಲಿಯಲ್ಲಿ ನೀರು ಧಾರಾಳವಾಗಿ ಬರತೊಡಗಿದ ಮೇಲೆ ಹಗ್ಗ ಎಳೆಯುವ ಕಷ್ಟ ಯಾರಿಗೆ ಬೇಕು? ನಾನು ಕಾಲೇಜಿನಲ್ಲಿದ್ದಾಗ ಅದರ ಬಾಯಿಗೆ ಚಪ್ಪಡಿ ಬಿತ್ತು. ಮುಚ್ಚುವ ದಿನ ದೊಡ್ಡಮ್ಮ ಹಟ ಹಿಡಿದು ಒಂದು ಮೂಲೆಯಲ್ಲಿ ಕೈ ಹಿಡಿಸುವಷ್ಟು ತೂತು ಬಿಡಿಸಿದರು. ಗಂಗಮ್ಮನ ಉಸಿರು ಕಟ್ಟಬಾರದಂತೆ. ಆ ತೂತಿಗೆ ನಾವೆಲ್ಲ ಬೇರೆಯದೇ ಉಪಯೋಗ ಕಂಡುಕೊಂಡೆವು. ದೇವರಿಗೆ ಏರಿಸಿದ ಹೂವನ್ನು ಕಸಕ್ಕೆ ಹಾಕಬಾರದು, ಕಾಲಿಗೆ ಸಿಗಬಾರದು, ನೀರಿಗೇ ಬಿಡಬೇಕು. ಇಷ್ಟಕ್ಕೆಂದು ದಿನಾ ಹೊಳೆಗೆ ಹೋಗಿಬರುವವರು ಯಾರು? ಬಾವಿಯೂ ನೀರೇ ಅಲ್ಲವೇ? ಐದೂ ಮನೆಯವರು ಬೆಳಗಾದರೆ ಹಿಂದಿನ ದಿನದ ಹೂವು, ಗರಿಕೆ, ಬಿಲ್ವಪತ್ರೆ, ತೋರಣದ ಮಾವಿನೆಲೆ ಎಲ್ಲವನ್ನೂ ಅದರಲ್ಲಿ ತುರುಕುತ್ತಿದ್ದೆವು. ಒಂದು ದಿನವಲ್ಲ, ಎರಡು ದಿನವಲ್ಲ, ಇಪ್ಪತ್ತು ವರ್ಷಕ್ಕೂ ಮೇಲೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಪ್ಪಡಿ ಎಬ್ಬಿಸಿದ ವರ್ಷ ಅದು ಸಂಕ್ರಾಂತಿಯ ಎಳ್ಳು ಬೀರುವಾಗಲೇ ಹೇಳದೆ ಕೇಳದೆ ಹೋಗಿಬಿಟ್ಟಿತ್ತು. ಫ್ಯಾನೇ ಇಲ್ಲದ ಮನೆಯಲ್ಲಿ ಬೆಳೆದವನು ನಾನು. ಈಗ ಫ್ಯಾನಿನ ಕೆಳಗೆ ಕೂತರೆ ಒಲೆಯ ಮುಂದೆ ಕೂತ ಹಾಗೆ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಯುಗಾದಿಯ ಹೊತ್ತಿಗೆ ನಲ್ಲಿ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಬೀದಿಯ ಬೋರ್‌ವೆಲ್ ಕೆಮ್ಮಿ ಕೆಮ್ಮಿ ಕೊನೆಗೆ ಬರೀ ಗಾಳಿ ಕಕ್ಕಿತು. ಟ್ಯಾಂಕರ್ ಬಂದಾಗ ಕೊಡ ಮುಂದೆ ಹಿಂದೆ ಆಯಿತೆಂದು ಅಕ್ಕಪಕ್ಕದವರು ಮಾತು ಬಿಟ್ಟರು. ಕಸದ ಆಟೋದ ಧ್ವನಿವರ್ಧಕದಲ್ಲಿ ಹಳೆಯ ಬಾವಿಗಳನ್ನು ತೆರೆಯಿರಿ, ಮಳೆನೀರು ಇಂಗಿಸಿ ಎಂದು ಕೂಗಿಕೊಂಡು ಹೋಗುತ್ತಿದ್ದರು. ಪೋಸ್ಟ್‌ಮಾಸ್ಟರು ಆ ಬಗ್ಗೆ ನಡೆದ ಸಭೆಗೂ ಹೋಗಿ ಕರಪತ್ರ ಹಿಡಿದು ಬಂದರು.

"ಹವಾಮಾನವೇ ಬದಲಾಗಿದೆ ಕಣಯ್ಯ. ಇದು ಈ ವರ್ಷದ ಕಥೆ ಅಲ್ಲ, ಇನ್ ಮೇಲೆ ಇದೇ ಗತಿ. ನಲ್ಲಿ ನಂಬ್ಕೊಂಡು ಕೂತ್ರೆ ಆಗಲ್ಲ," ಎಂದರು.

ಅವರು ಹೇಳಿದ್ದು ಸುಳ್ಳೇನೂ ಅಲ್ಲ. ಆದರೆ ಬಾವಿಗೆ ಇಳಿಯುವವರು ಎಲ್ಲಿದ್ದಾರೆ? ಹಿಂದೆ ಹೂಳೆತ್ತುತ್ತಿದ್ದವರು ಸತ್ತುಹೋಗಿದ್ದರು. ಅವರ ಮಕ್ಕಳು ಆಟೋ ಓಡಿಸುತ್ತಿದ್ದರು. ಕೊನೆಗೆ ಸಿಕ್ಕವರು ಈ ಗಾರೆಯವರು. ಅವರ ಅಪ್ಪ ಬಾವಿ ತೋಡುತ್ತಿದ್ದರಂತೆ. "ನಾನು ಚಿಕ್ಕೋನಿದ್ದಾಗ ಮ್ಯಾಲೆ ನಿಂತು ನೋಡಿವ್ನಿ ಸಾ. ಇಳಿಯದೇನ್ ಮಹಾ," ಎಂದಿದ್ದರು.

ಚಪ್ಪಡಿ ಪಕ್ಕಕ್ಕೆ ಸರಿದಾಗ ಕೊಳೆತ ಹೂವಿನ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಸುಮಾರು ನಲವತ್ತು ಅಡಿ ಕೆಳಗೆ ಕಪ್ಪಗೆ ಏನೋ ಹೊಳೆಯುತ್ತಿತ್ತು. ಗೋಡೆಯುದ್ದಕ್ಕೂ ಕಾಲಿಡಲು ಕಲ್ಲಿನ ಚಾಚುಗಳಿದ್ದವು. ಗಾರೆಯವರು ಅಂಗಿ ಬಿಚ್ಚಿದರು.

"ಅಯ್ಯೋ, ಈ ಹೊಟ್ಟೆ ಹೊತ್ಕೊಂಡು ಇಳೀತೀಯಾ? ಮಧ್ಯದಲ್ಲಿ ಸಿಕ್ಕಾಕ್ಕೊಂಡ್ರೆ ಬಾವಿಗೆ ಇನ್ನೊಂದು ಚಪ್ಪಡಿ ಹಾಕ್ದಂಗಾಯ್ತದೆ ಕಣೋ," ಎಂದರು ದೊಡ್ಡಮ್ಮ.

"ಹೊಟ್ಟೆ ಅಲ್ಲ ಕಣವ್ವ, ಮುದ್ದೆ ಗುಡಾಣ. ಸಂಜೆ ಮ್ಯಾಕ್ ಬಂದ್ ಮ್ಯಾಲೆ ನೀವೇ ತುಂಬಿಸ್ಬೇಕು."

"ಅವರ ಮಾತು ಕಟ್ಕೊಂಡು ಅಡುಗೆಗೆ ಎಸರಿಡಬ್ಯಾಡಿ ಅವ್ವ, ನೀರೇ ಸಾಕಾಗಕ್ಕಿಲ್ಲ," ಎಂದರು ಅವರ ಹೆಂಡತಿ. ಎಲ್ಲರೂ ನಕ್ಕೆವು.

ಆಮೇಲೆ ದೊಡ್ಡಮ್ಮ ಪೂಜೆಗೆ ಎದ್ದರು. ಗಂಗಮ್ಮನಿಗೆ ದೀಪ ಇಳಿಸದೆ ಬಾವಿಗೆ ಮನುಷ್ಯ ಇಳಿಯಬಾರದು ಎಂದು ಅವರ ಅತ್ತೆ ಹೇಳಿಕೊಟ್ಟಿದ್ದರಂತೆ. ಆ ಅತ್ತೆಗೆ ಅವರ ಅತ್ತೆ. ಬಕೆಟಿನೊಳಗೆ ಮಣ್ಣಿನ ಹಣತೆ ಇಟ್ಟು ಹಚ್ಚಿದರು. ನಾನು ಹಗ್ಗ ಹಿಡಿದು ಮೆಲ್ಲಗೆ ಬಿಟ್ಟೆ. ಅರ್ಧ ದಾರಿ ದಾಟಿದ್ದಷ್ಟೇ, ದೀಪ ಚಿಕ್ಕದಾಗುತ್ತಾ ಬಂದು ಆರಿತು. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟೆವು. ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ಮತ್ತೆ ಆರಿತು.

"ಅಮ್ಮನಿಗೆ ಒಪ್ಪಿಗೆ ಇಲ್ಲ. ಇವತ್ತು ಬ್ಯಾಡ ಬುಡು," ಎಂದರು ದೊಡ್ಡಮ್ಮ.

ಪೋಸ್ಟ್‌ಮಾಸ್ಟರಿಗೆ ರೇಗಿತು. "ಇಡೀ ಊರಿಗೆ ನೀರಿಲ್ಲ, ನೀವು ದೀಪ ಆರಿತು ಅಂತ ಕೂತಿದ್ದೀರಲ್ಲಮ್ಮ! ಗಾಳಿ ಆಡಿರ್ತದೆ, ಆರಿರ್ತದೆ."

ಎಲೆ ಅಲುಗದ ಬೆಳಿಗ್ಗೆ ಅದು. ಅದು ನನಗೆ ಗೊತ್ತಿತ್ತು. ಆದರೂ, "ಬಕೆಟ್ಟಿನಲ್ಲಿ ಪಸೆ ಇತ್ತು ದೊಡ್ಡಮ್ಮ, ಬತ್ತಿ ನೆಂದಿರಬೇಕು," ಎಂದೆ. ಮನೆಯಲ್ಲಿ ಎರಡು ದಿನದಿಂದ ಸ್ನಾನವಿರಲಿಲ್ಲ. ಚಪ್ಪಡಿ ಎದ್ದ ಮೇಲೆ ಕೆಲಸ ನಿಲ್ಲುವುದು ನನಗೆ ಬೇಕಿರಲಿಲ್ಲ.

ದೊಡ್ಡಮ್ಮ ಆರಿದ ಹಣತೆಯನ್ನು ಬಕೆಟಿನಿಂದ ತೆಗೆದು ಕಟ್ಟೆಯ ಮೇಲಿಟ್ಟರು. ಒಳಗೆ ಹೋಗಿ ತೆಂಗಿನಕಾಯಿ, ನಿಂಬೆಹಣ್ಣು ತಂದರು. ಮುನಿಸಿಕೊಂಡ ದೇವಿಗೆ ಏನು ಮಾಡಬೇಕೆಂಬುದು ಅವರಿಗೆ ಬಾಯಿಪಾಠ. ಕಾಯಿ ಒಡೆದರು, ಕುಂಕುಮ ತುಂಬಿದ ನಿಂಬೆಹಣ್ಣು ಬಾವಿಗೆ ಬಿಟ್ಟರು, "ತಪ್ಪಾಯ್ತು ಕಣವ್ವ, ಮಕ್ಕಳು ಹೂವ ತಂದ್ ತಂದ್ ನಿನ್ನ ತಲೆ ಮ್ಯಾಲೆ ಹಾಕ್ಬುಟ್ರು," ಎಂದು ಕೆನ್ನೆ ಬಡಿದುಕೊಂಡರು. ನಿಂಬೆಹಣ್ಣು ನೆಟ್ಟಗೆ ಬಿತ್ತು, ಕಾಯಿ ಸಮನಾಗಿ ಒಡೆದಿತ್ತು. ದೀಪವನ್ನು ಮೂರನೆಯ ಸಲ ಯಾರೂ ಇಳಿಸಲಿಲ್ಲ.

"ಈಗ ಇಳಿಯಪ್ಪ," ಎಂದರು.

ಗಾರೆಯವರು ಚಾಚುಗಲ್ಲು ಹಿಡಿದು ಇಳಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ ಎಂದು ಯಾರೂ ಹೇಳಲಿಲ್ಲ; ಇದ್ದ ಒಂದು ಹಗ್ಗ ಬಕೆಟಿಗೆ ಬೇಕಿತ್ತು. ಅರ್ಧಕ್ಕಿಂತ ಕೆಳಗೆ ಹೋದ ಮೇಲೆ "ಸೆಕೆ ಕಣಮ್ಮಿ" ಎಂದು ಹೆಂಡತಿಗೆ ಕೂಗಿದರು. ತಳ ಮುಟ್ಟಿದರು. ಹೂಳಿನಲ್ಲಿ ಕಾಲು ಊರಿದ ಸದ್ದು, ಗುಳುಗುಳು ಎಂದು ಗುಳ್ಳೆ ಎದ್ದ ಸದ್ದು. "ಬಕೀಟು ಬುಡಿ" ಎಂದರು. ನಾನು ಬಿಟ್ಟೆ. ಅವರು ಅದನ್ನು ಹಿಡಿಯಲು ಕೈ ಎತ್ತಿದರು, ಕೈ ಅಲ್ಲೇ ಕೆಳಗಿಳಿಯಿತು. ಗೋಡೆಗೆ ಒರಗಿ ಕೂತರು, ಮೆಲ್ಲಗೆ, ಸುಸ್ತಾದವರು ಕೂರುವ ಹಾಗೆ. ಆಮೇಲೆ ಮುಂದಕ್ಕೆ ಬಾಗಿದರು.

ಹೆಂಡತಿ ಎರಡು ಸಲ ಕೂಗಿದರು. ಮೂರನೆಯ ಸಲ ಕೂಗದೆ ಕಟ್ಟೆಗೆ ಕಾಲು ಹಾಕಿದರು. ನಾನು ಹಿಂದಿನಿಂದ ತೆಕ್ಕೆಹಾಯ್ದು ಹಿಡಿದೆ. ನನ್ನ ಮುಂಗೈ ಕಚ್ಚಿದರು, ಪರಚಿದರು; ನಾನು ಬಿಡಲಿಲ್ಲ. ನಾನು ಆ ದಿನ ಮಾಡಿದ ಸರಿಯಾದ ಕೆಲಸ ಅದೊಂದೇ. ಪೋಸ್ಟ್‌ಮಾಸ್ಟರು ಫೋನು ಹಿಡಿದು ವಠಾರದ ವಿಳಾಸವನ್ನು ತಪ್ಪು ತಪ್ಪಾಗಿ ಹೇಳುತ್ತಿದ್ದರು.

ಅಗ್ನಿಶಾಮಕದವರು ಬಂದು, ಮುಖಕ್ಕೆ ಮುಸುಕು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದು ಅವರನ್ನು ಮೇಲೆ ತಂದರು. ಮೈಯೆಲ್ಲ ಕಪ್ಪು ಕೆಸರು, ಅದಕ್ಕೆ ಅಂಟಿದ ಗರಿಕೆ. ಹೆಂಡತಿಯನ್ನೂ ಹತ್ತಿಸಿಕೊಂಡು ಆಂಬುಲೆನ್ಸ್ ಹೋಯಿತು. ಅಧಿಕಾರಿಯೊಬ್ಬರು ಹಿಂದೆ ಉಳಿದು ಬರೆದುಕೊಳ್ಳುತ್ತಿದ್ದರು.

"ಹೂವು ಕೊಳೆತು ವಿಷಗಾಳಿ ತುಂಬ್ಕೊಂಡಿದೆ ಕಣ್ರೀ. ಇಳಿಯೋಕೆ ಮುಂಚೆ ಒಂದು ದೀಪನಾದ್ರೂ ಇಳಿಸಿ ನೋಡಬಾರದಿತ್ತಾ? ಹಳಬರು ಇದ್ದೀರಿ ಮನೇಲಿ. ದೀಪ ಆರಿದರೆ ಉಸಿರೂ ಆರುತ್ತೆ ಅಂತ ಗೊತ್ತಿಲ್ವಾ?"

ಉತ್ತರ ಕೊಟ್ಟವರು ದೊಡ್ಡಮ್ಮ.

"ಇಳಿಸಿದ್ವಿ ಕಣಪ್ಪ. ಎರಡು ಸಲ ಇಳಿಸಿದ್ವಿ. ಎರಡು ಸಲಾನೂ ಆರೋಯ್ತು."

ಆ ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಿಕ್ಕಂದಿನಲ್ಲಿ ನನಗೆ ಮಾತು ಬಂದಿದ್ದೇ ದೊಡ್ಡಮ್ಮನಿಂದ. ಗಾದೆ, ಒಗಟು, ಯಾವ ಹಬ್ಬಕ್ಕೆ ಯಾವ ಹೂವು, ಎಲ್ಲ ಅವರ ಮಡಿಲಲ್ಲೇ ಕಲಿತೆ. ದೀಪ ಇಳಿಸಬೇಕೆಂಬುದನ್ನು ಅವರಿಗೆ ಹೇಳಿಕೊಟ್ಟವರು ಯಾಕೆಂದು ಹೇಳಿರಲಿಲ್ಲ. ಅವರು ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು. ಗಾರೆಯವರು ಹೋಗಿಬಿಟ್ಟಿದ್ದರು.

ತಿಂಗಳಾದ ಮೇಲೆ ಅವರ ಹೆಂಡತಿ ಮೈದುನನ ಜೊತೆ ಬಂದರು. ಯಾವುದೋ ಅರ್ಜಿಗೆ ಕಾಗದಗಳ ಜೆರಾಕ್ಸ್ ಬೇಕಿತ್ತು. ಊರಿನಲ್ಲಿ ಎಷ್ಟೋ ಅಂಗಡಿಗಳಿದ್ದವು, ನನ್ನಲ್ಲಿಗೇ ಬಂದಿದ್ದರು. ನಾನು ಮರಣಪತ್ರವನ್ನು ಗಾಜಿನ ಮೇಲೆ ಬೋರಲಾಗಿ ಇಡುತ್ತಿದ್ದಾಗ ಕೇಳಿದರು:

"ಬತ್ತಿ ನೆಂದಿತ್ತು ಅಂದ್ರಲ್ಲ ಸಾ, ನಿಜವಾಗ್ಲೂ ನೆಂದಿತ್ತಾ?"

"ಇಲ್ಲ ಕಣಮ್ಮ," ಎಂದೆ.

ತಲೆಯಾಡಿಸಿದರು. ಪ್ರತಿಗಳನ್ನು ಸರಿಯಾಗಿ ಜೋಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಆಷಾಢದಲ್ಲಿ ಮಳೆ ಬಂತು. ಬಂದರೆ ಹೀಗೂ ಬರುತ್ತದೆಯೇ ಎನ್ನುವ ಹಾಗೆ ಎರಡೇ ದಿನದಲ್ಲಿ ಸುರಿದು, ತಗ್ಗಿನ ಬೀದಿಗಳನ್ನೆಲ್ಲ ಮುಳುಗಿಸಿ ಹೋಯಿತು. ಅದಾಗಿ ಸ್ವಲ್ಪ ದಿನಕ್ಕೆ ಪೋಸ್ಟ್‌ಮಾಸ್ಟರು ಯಂತ್ರ ಇರುವವರನ್ನು ಕರೆಸಿ ಹೂಳು ತೆಗೆಸಿದರು. ತಾರಸಿಯ ನೀರನ್ನು ಬಾವಿಗೆ ತಿರುಗಿಸಿ, ಮೋಟಾರು ಕೂರಿಸಿದೆವು. ಮರುವರ್ಷದ ಬೇಸಿಗೆಯಲ್ಲಿ ನಲ್ಲಿ ಆರು ದಿನಕ್ಕೊಮ್ಮೆ ಬಂತು. ನಮ್ಮ ವಠಾರದವರು ಟ್ಯಾಂಕರಿಗೆ ಕಾಯಲಿಲ್ಲ. ಐದು ಮನೆಯವರೂ ಆ ಬಾವಿಯ ನೀರನ್ನೇ ಬಳಸಿದೆವು.