ಅವ್ವ ಓದಿದ ಆರು

ಮೊನ್ನೆ ಹೊಸ ಮೊಬೈಲಿಗೆ ಗಡಿಯಾರದ ಆ್ಯಪ್ ಹಾಕುವಾಗ ಅದು ಕೇಳಿತು: ಅಂಕಿಗಳು ಯಾವ ಲಿಪಿಯಲ್ಲಿರಬೇಕು? ನಿಮಗಿದು ಚಿಕ್ಕ ಪ್ರಶ್ನೆ ಎನಿಸಬಹುದು. ನನಗೆ ಅಥಣಿ ಹತ್ತಿರದ ನಮ್ಮೂರು ಸತ್ತಿಯ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಮೊದಲ ಸ್ಮಾರ್ಟ್‌ಫೋನ್ ಕೊಂಡಾಗ ಸಮಯ ಕನ್ನಡ ಅಂಕಿಗಳಲ್ಲೇ ಕಾಣುವಂತೆ ಮಾಡಿಕೊಂಡಿದ್ದೆ. ನಿಪ್ಪಾಣಿಯ ಆಫೀಸಿನಲ್ಲಿ ಮರಾಠಿ ಗೆಳೆಯರಿಗೆಲ್ಲ ತೋರಿಸಿ ಮೆರೆದದ್ದೂ ಆಯಿತು. ಆದರೆ ನಿಜ ಹೇಳಲೇ? ೬ ಮತ್ತು ೯ ಕಂಡರೆ ನನಗೆ ಗೊಂದಲ. ಶಾಲೆ ಬಿಟ್ಟ ಮೇಲೆ ಅವನ್ನು ಬರೆದವನೇ ಅಲ್ಲ ನಾನು. ಅವ್ವನದು ತದ್ವಿರುದ್ಧ. ತಲೆ ನರೆತ ಮೇಲೆ ಸಾಕ್ಷರತಾ ತರಗತಿಗೆ ಹೋಗಿ ಕಲಿತವಳು. ಅವಳಿಗೆ ಬರುತ್ತಿದ್ದದ್ದು ಕನ್ನಡ ಅಂಕಿಗಳು ಮಾತ್ರ.

ತಂಗಿ ರೇಣುಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ನಾನೂ ರಜೆ ಹಾಕಿ ಊರಿಗೆ ಬಂದಿದ್ದೆ. ಹೇಳಿದ ದಿನಕ್ಕಿಂತ ವಾರ ಮೊದಲೇ ನೋವು ಶುರುವಾಯಿತು. ಅಥಣಿಯ ಆಸ್ಪತ್ರೆಗೆ ಫೋನ್ ಮಾಡಿದೆ.

"ಅಂಬ್ಯುಲೆನ್ಸ ಬರಾಕ ತಾಸ ಹಿಡಿತೈತ್ರಿ," ಎಂದರು ನರ್ಸ್. "ಒಂದ ಬ್ಯಾನಿಗೂ ಇನ್ನೊಂದಕ್ಕೂ ಎಷ್ಟ ಮಿನಿಟ ಅಂತರ ಐತಿ ನೋಡ್ರಿ. ಎಂಟರ ಒಳಗ ಇದ್ರ ಹಾದಿ ಕಾಯಬ್ಯಾಡ್ರಿ, ಸಿಕ್ಕ ಗಾಡ್ಯಾಗ ಕರಕೊಂಡ ಬರ್ರಿ."

ಹಿಂದಿನ ನೋವು ಸರಿಯಾಗಿ ಮೂರೂವರೆಗೆ ಬಂದಿತ್ತು. ರೇಣುಕಾ ಮತ್ತೆ ಚೀರಿ ಮಂಚದ ಪಟ್ಟಿ ಹಿಡಿದಳು. ಮೊಬೈಲಿನಲ್ಲಿ ೩:೩೬. ನಾನು ಓದಿದ್ದು ಮೂರು ಮೂವತ್ತೊಂಬತ್ತು.

"ಒಂಬತ್ತ ಮಿನಿಟ ಐತಿ. ಅಂಬ್ಯುಲೆನ್ಸ ಬರಲಿ, ಕಾಯೂನು," ಎಂದೆ.

ಅವ್ವ ಮೊಬೈಲು ಕಸಿದುಕೊಂಡು ಕಣ್ಣ ಹತ್ತಿರ ಹಿಡಿದಳು. "ಒಂಬತ್ತಲ್ಲೋ, ಆರ ಅದು."

"ನಾ ನೋಡೀನಲ್ಲಬೇ! ನಿನಗೇನ ತಿಳಿತೈತಿ, ಬಿಡ."

"ಆರ ಅಂದ್ರ ಆರ!"

ತಂಗಿ ನರಳುತ್ತಿದ್ದಳು, ನಾವಿಬ್ಬರೂ ಒಂದು ಅಂಕಿಗಾಗಿ ಜಗ್ಗಾಡುತ್ತಿದ್ದೆವು. ಅಷ್ಟರಲ್ಲಿ ಅವ್ವನ ಕೈಯಲ್ಲೇ ಆ ಅಂಕಿ ಬದಲಾಯಿತು. ೩:೩೭. ಏಳನ್ನು ಗುರುತಿಸಲು ನನಗೂ ಬರುತ್ತಿತ್ತು. ಒಂಬತ್ತರ ನಂತರ ಏಳು ಬರುವುದುಂಟೇ? ಪಕ್ಕದ ಮನೆಯವರ ಟಂಟಂ ಆಟೋ ತರಲು ಓಡಿದೆ.

ಆಸ್ಪತ್ರೆ ಮುಟ್ಟಿ ಅರ್ಧ ತಾಸಿನಲ್ಲಿ ಹೆಣ್ಣುಮಗು ಹುಟ್ಟಿತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ಮನೆಯಲ್ಲೇ ಆಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು:

"ಅದು ಏಳ ಆಗದಿದ್ರ, ನನ್ನ ಮಾತ ಕೇಳತಿದ್ದೇನೋ?"

ಮೊನ್ನೆ ಲಿಪಿ ಆರಿಸಲು ಹೋದ ಬೆರಳು ಎಷ್ಟೋ ಹೊತ್ತು ಹಾಗೇ ನಿಂತಿತ್ತು. ಕೊನೆಗೆ ಕನ್ನಡವನ್ನೇ ಆರಿಸಿ, ಮೊಬೈಲನ್ನು ಅವ್ವನ ಕೈಗೆ ಕೊಟ್ಟು, "ಎಷ್ಟ ಆಗೇತಿ, ನೀನ ಓದಬೇ," ಎಂದೆ.