ಅಮ್ಮನ ಸಾಕ್ಷಿ, ಆಂಟಿಯ ಸಾಕ್ಷಿ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಶ್ರೀನಗರದ ರಸ್ತೆಯಲ್ಲಿ ಒಂದು ಕೊಲೆಯಾಯಿತು. ಮೂಲೆಮನೆಯಲ್ಲಿ ಒಬ್ಬರೇ ಇದ್ದ ಮುದುಕರನ್ನು ಬೆಳಗಿನ ಜಾವ ಯಾರೋ ತಲೆಗೆ ಹೊಡೆದು ಕೊಂದಿದ್ದರು. ಯಾರು ಅಂತ ಇವತ್ತಿಗೂ ಪತ್ತೆಯಿಲ್ಲ. ಪೊಲೀಸರು ಕೈಬಿಟ್ಟರು, ಪೇಪರಿನವರು ಮರೆತರು, ನಮ್ಮಮ್ಮ ಮತ್ತು ಎದುರುಮನೆ ಆಂಟಿ ಮಾತ್ರ ಬಿಡಲಿಲ್ಲ. ಇಬ್ಬರಿಗೂ ಈಗ ಎಂಬತ್ತು ದಾಟಿದೆ. ಬೆಳಿಗ್ಗೆ ಮಾತ್ರೆ ತಗೊಂಡಿದ್ದು ಸಂಜೆಗೆ ನೆನಪಿರಲ್ಲ, ಆದರೆ ಆ ಕೇಸು ದಿನಾ ಕಾಫಿ ಹೊತ್ತಿಗೆ ನಮ್ಮ ವರಾಂಡದಲ್ಲಿ ವಿಚಾರಣೆಗೆ ಬರುತ್ತೆ.

ಆಗ ಅನುಮಾನ ಬಿದ್ದದ್ದು ಹಿಂದಿನ ಬೀದಿಯ ರೇಡಿಯೊ ರಿಪೇರಿಯವರ ಮೇಲೆ. ಕಾಂಪೌಂಡ್ ಗೋಡೆ ವಿಷಯಕ್ಕೆ ಮುದುಕರಿಗೂ ಅವರಿಗೂ ಜೋರು ಜಗಳವಾಗಿತ್ತು. ಐದೂವರೆಗೆ ರಂಗೋಲಿ ಹಾಕ್ತಿದ್ದೆ, ಅವರು ಮುದುಕರ ಗೇಟಿನಿಂದ ಆಚೆ ಬಂದರು ಅಂತ ಆಂಟಿ ಹೇಳಿಕೆ ಕೊಟ್ಟರು. ಐದೂವರೆಗೆ ಅವರು ಹಾಲಿನ ಬೂತಿನ ಕ್ಯೂನಲ್ಲಿ ನನ್ನ ಹಿಂದೇನೇ ಇದ್ದರು ಅಂತ ಅಮ್ಮ. ಪೊಲೀಸರು ಅಮ್ಮನನ್ನು ನಂಬಿ ಅವರನ್ನು ಬಿಟ್ಟರು. ಅಮ್ಮ ಮಾತಾಡೋ ಧಾಟಿಗೆ ನಂಬದೇ ಇರೋಕೆ ಧೈರ್ಯ ಬೇಕು, ನಾನೂ ಇಷ್ಟು ವರ್ಷದಲ್ಲಿ ಪ್ರಯತ್ನಪಟ್ಟಿಲ್ಲ.

ನಾನು ಹಿಸ್ಟರಿ ಟೀಚರ್ ಆಗಿದ್ದವಳು. ಆಧಾರ ಇಲ್ಲದೆ ಒಂದು ವಾಕ್ಯ ಬರೆದರೂ ಮಕ್ಕಳ ಮಾರ್ಕ್ಸ್ ಕತ್ತರಿಸುತ್ತಿದ್ದೆ. ರಿಟೈರ್ ಆದ ಮೇಲೆ ಕೆಲಸವಿಲ್ಲದೆ, ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಈ ಇಬ್ಬರ ಸಾಕ್ಷ್ಯ ತೂಗೋಕೆ ಕೂತೆ. ಆಂಟಿಗೆ ಆಗಲೇ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡರೆ ವಯಸ್ಸಾದವಳ ಥರ ಕಾಣ್ತೀನಿ ಅಂತ ಹಾಕುತ್ತಿರಲಿಲ್ಲ. ನಮ್ಮ ಗಡಿಯಾರವನ್ನು ಅಮ್ಮ ಬೇಕಂತಲೇ ಹತ್ತು ನಿಮಿಷ ಮುಂದಿಟ್ಟಿರುತ್ತಿದ್ದಳು. ಇದನ್ನೆಲ್ಲ ಓದಿ ಹೇಳಿದಾಗ ಇಬ್ಬರೂ ಮೊದಲ ಸಲ ಒಂದಾಗಿ ನನ್ನನ್ನು ಬೈದರು.

ಹೋದ ತಿಂಗಳು ಹುಳಿಮಾವಿನಿಂದ ಆ ರೇಡಿಯೊ ರಿಪೇರಿಯವರ ಮಗಳು ಹುಡುಕಿಕೊಂಡು ಬಂದಳು. ಅಪ್ಪ ಹೋದ ವರ್ಷ ತೀರಿಕೊಂಡರಂತೆ. ಅವಳಮ್ಮನಿಗೆ ಹುಷಾರಿಲ್ಲ, ಹಾಸಿಗೆ ಹಿಡಿದಿದ್ದಾರೆ. "ಅವತ್ತು ಬೂತಲ್ಲಿ ನಿಮ್ಮಮ್ಮ ಅಪ್ಪನ್ನ ನೋಡಿದ್ದನ್ನ ಇನ್ನೊಂದ್ಸಲ ಅವರ ಬಾಯಿಂದಾನೇ ಕೇಳ್ಬೇಕು ಅಂತಾರೆ ನಮ್ಮಮ್ಮ. ಬೇರೇನೂ ಕೇಳ್ತಿಲ್ಲ," ಅಂದಳು.

ನಮ್ಮಮ್ಮನ ಮುಖ ಅರಳಿತು. ಆಂಟಿ ಕಾಫಿ ಲೋಟ ನೋಡುತ್ತಾ ಕೂತರು. ನನಗೋ ಟೀಚರ್ ಬುದ್ಧಿ, ಸುಮ್ಮನಿರಲಾರದೆ, "ಅವರು ಯಾವ ಶರಟು ಹಾಕಿದ್ರು ಅಮ್ಮಾ?" ಅಂದೆ.

"ಶರಟು ಯಾರು ನೋಡಿದ್ರು? ಅವರ ಹಸಿರು ವೈರ್ ಬುಟ್ಟಿ ನನ್ನ ಬುಟ್ಟಿ ಹಿಂದೇನೇ ಇತ್ತು. ಕ್ಯೂ ಮುಂದಕ್ಕೆ ಹೋದಾಗೆಲ್ಲ ನಾನೇ ಕಾಲಲ್ಲಿ ತಳ್ತಿದ್ದೆ."

"ಹಾಲು ತಗೊಳ್ಳೋವಾಗ ಬಂದ್ರಾ?"

"ನನ್ನ ಹಾಲು ಸಿಕ್ತು, ನಾನು ಬಂದೆ."

ಆಗೆಲ್ಲ ಹಾಗೇ ಇತ್ತು. ನಾಲ್ಕೂವರೆಗೇ ಬೂತಿನ ಮುಂದೆ ಬುಟ್ಟಿ, ಚೀಲ, ಅದೂ ಇಲ್ಲದಿದ್ದರೆ ಒಂದು ಕಲ್ಲು ಇಟ್ಟು ಮನೆಗೆ ಹೋಗುತ್ತಿದ್ದರು. ಬುಟ್ಟಿ ಇದ್ದರೆ ಮನುಷ್ಯ ಇದ್ದ ಹಾಗೆ. ಅದನ್ನು ದಾಟಿ ನಿಂತವರಿಗೆ ಮಂಗಳಾರತಿ. "ಕಲ್ಲಿಟ್ಟಿದ್ರೂ ಅವರು ಇದ್ದಾರೆ ಅಂತಾನೇ ಅರ್ಥ, ಇದರಲ್ಲಿ ಸುಳ್ಳೇನು ಬಂತು?" ಅಂದಳು ಅಮ್ಮ. "ಅದು ಹೌದು," ಅಂದರು ಆಂಟಿ, ತಮ್ಮ ಕೇಸು ಗೆಲ್ಲುತ್ತಿದೆ ಅನ್ನೋದನ್ನೂ ಮರೆತು. ಹೇಳಿಕೆ ಬರೆದುಕೊಂಡ ಕಾನ್‌ಸ್ಟೇಬಲ್ಲೂ ಅದೇ ಬೂತಿನಲ್ಲಿ ಹಾಲು ತಗೊಳ್ಳುತ್ತಿದ್ದವರು, ಅವರೂ ಕೇಳಲಿಲ್ಲ. ಏಳನೇ ಕ್ಲಾಸಿನಲ್ಲಿ ಅದೇ ಕ್ಯೂನಲ್ಲಿ ಚೀಲ ಇಟ್ಟು ಬಂದು ಮಲಗುತ್ತಿದ್ದ ನನಗೂ ಇಷ್ಟು ವರ್ಷ ಹೊಳೆಯಲಿಲ್ಲ. ಎರಡು ಕಾಲಂ ಎಳೆದಿದ್ದಕ್ಕೆ ನನಗೇ ನಾಚಿಕೆಯಾಯಿತು.

ನಾವು ಮೂವರೂ ನಕ್ಕೆವು, ಆ ಮಗಳು ಮಾತ್ರ ನಗಲಿಲ್ಲ. ಅವಳ ಕೈಯಲ್ಲಿದ್ದ ಫೋನು ಆಗಲೇ ಹೊಡೆದುಕೊಳ್ಳುತ್ತಿತ್ತು. ಅವಳಮ್ಮನೇ. ಕಟ್ ಮಾಡೋಕೆ ಹೋದಳು, ನಮ್ಮಮ್ಮ ಕೈ ಚಾಚಿದಳು. ಕಿವಿ ಮಂದ ಅಂತ ಸ್ಪೀಕರ್ ಹಾಕಿಕೊಟ್ಟೆವು.

"ಬುಟ್ಟಿ ಇಟ್ಟು ಬಂದಿದ್ದು ನಾನು ಕಣ್ರೀ," ಅಂದಿತು ಆ ಕಡೆಯ ದನಿ, ಕುಶಲ ಕೂಡ ಕೇಳದೆ. "ಐದು ಗಂಟೆಗೆ ಇಟ್ಟು ವಾಪಸ್ ಬಂದ್ರೆ ಇವರು ಮನೇಲಿ ಇರ್ಲಿಲ್ಲ. ಬೂತಿಗೇ ಹೋಗಿರ್ಬೇಕು ಅಂದ್ಕೊಂಡೆ. ಆಮೇಲೆ ನೀವೂ ನೋಡ್ದೆ ಅಂದ್ರಿ. ನಿಜ ಹೇಳಿ, ಅವರ ಮುಖ ನೋಡಿದ್ರಾ?"

ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಮ್ಮಮ್ಮನನ್ನೇ ನೋಡುತ್ತಿದ್ದಳು. ನೋಡಿದೆ ಅಂದುಬಿಡಮ್ಮ ಅಂತ ನನ್ನ ಮನಸ್ಸು ಕೂಗುತ್ತಿತ್ತು, ಆಧಾರ ಗೀಧಾರ ಎಲ್ಲ ಹಾಳಾಗಿ ಹೋಗಲಿ ಅಂತ. ಅಮ್ಮ ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡಳು.

"ಇಲ್ಲ ಕಣಮ್ಮ," ಅಂದಳು. "ಬುಟ್ಟಿ ನೋಡಿದೆ. ತಪ್ಪಾಯ್ತು."



"ಹೋಗ್ಲಿ ಬಿಡಿ," ಅಂದರು ಆ ಕಡೆಯಿಂದ. "ಅವರಿದ್ದಾಗ ಅವರನ್ನೇ ಕೇಳಬಹುದಿತ್ತು. ನೀವು ನೋಡಿದ್ದೀರಲ್ಲ ಅಂತ ನಾನು ಕೇಳಲೇ ಇಲ್ಲ."