ಪರದೆಯ ಈಚೆಗೆ ಕೂತವರು

ರಾಜ ಸತ್ತ ಕೂಡಲೇ ನನ್ನ ಹಿಂದಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ನಾನು ಆ ರಟ್ಟಿನ ರಾಜನನ್ನು ಬುಟ್ಟಿಗೆ ಎಸೆದಿದ್ದೆ.

ಅದು ನಿಜಾಮರ ಕಾಲ. ಹುಮನಾಬಾದಿನ ಟೆಂಟಿನಲ್ಲಿ ಸಿನಿಮಾ ನೋಡಿದ ಹುಚ್ಚಿಗೆ, ಕಲ್ಯಾಣದ ಶಾಲೆಯ ಹುಡುಗರಾದ ನಾವು ಬಿಳಿ ಧೋತರವನ್ನು ಪರದೆಯಾಗಿ ಕಟ್ಟಿ ನೆರಳಿನ ಸಿನಿಮಾ ಆಡಿಸುತ್ತಿದ್ದೆವು. ಮುಂದೆ ನಿಂತು ಕಥೆ ಹೇಳುವ ಕೆಲಸ ನನಗೆ ಬೇಕಿತ್ತು. ಆದರೆ ಮಾಸ್ತರರು ನನ್ನನ್ನು ಪರದೆಯ ಹಿಂದೆ, ಕಂದೀಲಿನೆದುರು ಗೊಂಬೆ ಹಿಡಿಯಲು ಹಚ್ಚಿದ್ದರು. ಗಂಡಸರ ಕಣ್ಣಿಗೆ ಬೀಳಬಾರದೆಂದು ಹೆಂಗಸರನ್ನೂ ನಮ್ಮ ಬದಿಗೇ ಕೂರಿಸಿದ್ದರು.

ಆಟ ಮುಗಿದ ಮೇಲೆ ನೆರೆಮನೆಯ ಮಾಲನಬೀ ಅಜ್ಜಿ ನನ್ನ ತಲೆ ಸವರಿದಳು. “ಆ ಕಡಿ ಮಂದಿಗಿ ರಾಜ ಕಂಡ, ಬೇಟಾ. ನಾವು ನಿನ್ನೇ ನೋಡಾಕತ್ತಿದ್ವಿ.”

ಮುಂದಿನ ಸಲ ಕಥೆ ಹೇಳಲು ನನ್ನನ್ನೇ ನಿಲ್ಲಿಸಿದರು. ಚಪ್ಪಾಳೆಯೂ ಬಿತ್ತು. ಆದರೆ ಪರದೆಯ ಆಚೆ ಕೂತ ಅಜ್ಜಿ ಈಗ ಯಾರನ್ನು ನೋಡುತ್ತಿದ್ದಾಳೋ ಎಂದು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.